ಮೂರನೇ ಮಹಡಿಗೆ ಬಂದ ಗಂಡಸರು

ಮೊಣಕಾಲು ನೋವು, ಎದೆಯುರಿ, ಕೂದಲು ಉದುರುವುದು, ‘ಸುಮ್ಮನೆ ಒಂದು ಫುಲ್ ಚೆಕಪ್’. ನಮ್ಮ ಕ್ಲಿನಿಕ್ಕಿಗೆ ಬಂದ ಗಂಡಸರು ಕೊಟ್ಟ ಕಾರಣಗಳಲ್ಲಿ ಇವು ಕೆಲವು. ನಿಜವಾದ ಕಾರಣ ಹೆಚ್ಚಿನವರದು ಒಂದೇ. ಒಬ್ಬ ಪ್ರೊಫೆಸರರಂತೂ ಇಪ್ಪತ್ತು ನಿಮಿಷ ಕಿವಿಯ ಬಗ್ಗೆ ಮಾತಾಡಿ, ಎದ್ದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಗೋಡೆಯ ಕಡೆ ತಿರುಗಿ ಉಳಿದದ್ದನ್ನು ಹೇಳಿದರು.

ನಾನು ಮೈಸೂರಿನಲ್ಲಿ ನರ್ಸಿಂಗ್ ಓದಿ ಸಿಂಗಪುರಕ್ಕೆ ಬಂದವಳು. ನಾಗರತ್ನ ಎಂಬ ಹೆಸರು ಇಲ್ಲಿ ಮೊದಲ ವಾರದಲ್ಲೇ ಸಿಸ್ಟರ್ ರತ್ನ ಆಯಿತು. ಹತ್ತು ವರ್ಷ ಮಕ್ಕಳ ವಾರ್ಡಿನಲ್ಲಿದ್ದೆ. ಆಮೇಲೆ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಮೂರನೇ ಮಹಡಿಯ ಪುರುಷರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿ, ಹೋದ ವರ್ಷ ನಿವೃತ್ತಳಾದೆ. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಹುಡುಗಿ ಮೊನ್ನೆ ಫೋನ್ ಮಾಡಿ, ಬಂದವರು ಬಾಯೇ ಬಿಡುವುದಿಲ್ಲ, ಏನು ಮಾಡಲಿ ಎಂದು ಕೇಳಿದಳು. ಫೋನಿನಲ್ಲಿ ಹೇಳಿದ್ದು ಸಾಲದೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಗೆ ನಾನಾಗಿ ಹೋದವಳಲ್ಲ. ಬೇರೆ ಯಾರೂ ಒಪ್ಪದ ಕಾರಣ ಹಾಕಿದರು. ಮೊದಲ ದಿನ ನನ್ನ ಮೇಲಧಿಕಾರಿ ಡಾಕ್ಟರ್ ಕೋ, ರೋಗಿಯೊಬ್ಬರನ್ನು ಪ್ರಶ್ನೆ ಕೇಳಲು ನನಗೆ ಬಿಟ್ಟು ಪಕ್ಕದಲ್ಲಿ ಕೂತರು. ನಾನು ತಲೆ ಬಗ್ಗಿಸಿ, ಪಿಸುಮಾತಿನಲ್ಲಿ ಕೇಳಿದೆ. ಆ ಮನುಷ್ಯ ನನಗಿಂತ ಸಣ್ಣ ದನಿಯಲ್ಲಿ ಉತ್ತರ ಕೊಟ್ಟ. ನಾನು ಇನ್ನೂ ಇಳಿಸಿದೆ. ಕೊನೆಗೆ ಇಬ್ಬರ ತುಟಿ ಮಾತ್ರ ಆಡುತ್ತಿದ್ದವು. ಆತ ಹೋದ ಮೇಲೆ ಡಾಕ್ಟರ್ ಕೋ ಹೇಳಿದ್ದಿಷ್ಟು: ನೀನು ಪಿಸುಗುಟ್ಟಿದರೆ ತಾನೇನೋ ಅಪರಾಧ ಮಾಡಿದ್ದೇನೆ ಎಂದು ಅವನಿಗೆ ಅನ್ನಿಸುತ್ತದೆ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳುವ ದನಿಯಲ್ಲೇ ಇದನ್ನೂ ಕೇಳು.

ಇಂಗ್ಲಿಷಿನಲ್ಲಿ ಅದು ಒಂದೇ ವಾರದಲ್ಲಿ ಅಭ್ಯಾಸವಾಯಿತು. ತೊಂದರೆಯಾದದ್ದು ಕನ್ನಡದವರು ಬಂದಾಗ. ಬೇಕಾದಾಗ ಶಿಶ್ನ ಗಟ್ಟಿಯಾಗದಿರುವುದು, ಅಥವಾ ಗಟ್ಟಿಯಾದರೂ ನಿಲ್ಲದಿರುವುದು, ಇಷ್ಟನ್ನು ಹೇಳಲು ನಮ್ಮಲ್ಲಿ ಬಳಕೆಯ ಮಾತಿಲ್ಲ. ಇರುವುದೆಲ್ಲ ಬೈಗುಳ. ಹಾಗಾಗಿ ಒಬ್ಬೊಬ್ಬರೂ ತಮ್ಮ ಕಸುಬಿನಿಂದ ಒಂದೊಂದು ಮಾತು ತರುತ್ತಿದ್ದರು. ಸಾಫ್ಟ್‌ವೇರಿನವರು ಸರ್ವರ್ ಡೌನ್ ಎನ್ನುತ್ತಿದ್ದರು. ಬ್ಯಾಂಕಿನವರೊಬ್ಬರು ‘ಮಾರ್ಕೆಟ್ ಸ್ವಲ್ಪ ಡಲ್’ ಎಂದರು. ಒಬ್ಬ ಸಿವಿಲ್ ಎಂಜಿನಿಯರು ಕಂಬ ಎಂದು ಶುರುಮಾಡಿ, ನನ್ನ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದರು.

ಡಾಕ್ಟರ್ ಕೋ ಎಲ್ಲರಿಗೂ ಒಂದೇ ಚಿತ್ರ ಬರೆದು ವಿವರಿಸುತ್ತಿದ್ದರು. ತಲೆಯಿಂದ ಆಜ್ಞೆ ಹೊರಡಬೇಕು, ನರ ಅದನ್ನು ಸಾಗಿಸಬೇಕು, ರಕ್ತನಾಳ ಅಗಲವಾಗಿ ರಕ್ತ ಒಳಗೆ ಬರಬೇಕು, ಬಂದ ರಕ್ತ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಸಿಗರೇಟು, ಹಾರ್ಮೋನಿನ ಕೊರತೆ, ಬೇರೆ ಕಾಯಿಲೆಗೆಂದು ನುಂಗುವ ಕೆಲವು ಮಾತ್ರೆಗಳು, ಭಯ, ಚಿಂತೆ, ಗಂಡ ಹೆಂಡಿರ ಮುನಿಸು, ಇವುಗಳಲ್ಲಿ ಯಾವುದು ಬೇಕಾದರೂ ಯಾವ ಜಾಗದಲ್ಲಾದರೂ ಕೆಡಿಸಬಹುದು; ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ನಮ್ಮ ಕೆಲಸ ಎನ್ನುತ್ತಿದ್ದರು. ಅವರ ತಿಳಿವಳಿಕೆ ಬಹಳ ದೊಡ್ಡದು, ಚಿತ್ರ ಬಹಳ ಕೆಟ್ಟದು. ಒಬ್ಬ ರೋಗಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಇದರಲ್ಲಿ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು ಎಂದು ಕೇಳಿದ. ಅವನು ಅದನ್ನು ಎಂಆರ್‌ಟಿ ರೈಲಿನ ನಕ್ಷೆ ಎಂದುಕೊಂಡಿದ್ದ.

ನನ್ನ ಮೊದಲ ದೊಡ್ಡ ತಪ್ಪು ಮೂರನೇ ತಿಂಗಳಲ್ಲಿ ಆಯಿತು. ಕಲ್ಲಾಂಗ್ ಕಡೆಯ ಓಂಗ್ ಎಂಬ ಅಂಕಲ್, ನಿವೃತ್ತ ಬಸ್ ಡ್ರೈವರು, ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡಿದ್ದರು. ಆ ಆಪರೇಷನ್ನಿನಲ್ಲಿ ಪಕ್ಕದ ನರಗಳಿಗೆ ಪೆಟ್ಟಾಗುವುದುಂಟು, ಅವರಿಗೂ ಆಗಿತ್ತು. ಮಾತ್ರೆ ಹಿಡಿಯಲಿಲ್ಲ. ಡಾಕ್ಟರ್ ಕೋ ಒಂದು ಪಂಪ್ ಕೊಡಿಸಿದ್ದರು. ಪ್ಲಾಸ್ಟಿಕ್ಕಿನ ಕೊಳವೆ, ಅದರೊಳಗಿನ ಗಾಳಿಯನ್ನು ಎಳೆದರೆ ರಕ್ತ ತುಂಬಿಕೊಳ್ಳುತ್ತದೆ, ಬುಡಕ್ಕೆ ಒಂದು ರಬ್ಬರ್ ಉಂಗುರ ಹಾಕಿ ಅದನ್ನು ನಿಲ್ಲಿಸಿಕೊಳ್ಳಬೇಕು, ಅರ್ಧ ಗಂಟೆಯೊಳಗೆ ಉಂಗುರ ತೆಗೆಯಬೇಕು. ಅಂಕಲ್‌ಗೆ ಅದು ಸರಿಯಾಗಿ ಕೈಹತ್ತಿರಲಿಲ್ಲ. ಮತ್ತೊಮ್ಮೆ ಹೇಳಿಕೊಡೋಣವೆಂದು ನಾನು ಅವರ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಹೆಂಡತಿ. ನಾಳೆ ಹತ್ತು ಗಂಟೆಗೆ ಬರುವಾಗ ಪಂಪ್ ಮರೆಯದೆ ತರಲು ಹೇಳಿ ಎಂದು ಹೇಳಿ ಇಟ್ಟುಬಿಟ್ಟೆ.

ಮರುದಿನ ಅಂಕಲ್ ಓಂಗ್ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಹೆಂಡತಿ ಕಟ್ಟಿಕೊಟ್ಟದ್ದು, ಅವರು ಬಿಚ್ಚಿ ನೋಡಿರಲಿಲ್ಲ. ಆ ದಿನ ನಾಲ್ಕು ಜನ ಕಿರಿಯ ಡಾಕ್ಟರುಗಳು ಕಲಿಯಲು ಬಂದು ನಿಂತಿದ್ದರು. ಡಾಕ್ಟರ್ ಕೋ ಪೊಟ್ಟಣ ಬಿಚ್ಚಿದರು. ಒಳಗಿದ್ದದ್ದು ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು. ಹಸಿರು ಪಾಚಿ ಹಿಡಿದ ಟ್ಯೂಬು ಮೇಜಿನಿಂದ ಕೆಳಗೆ ಜೋತುಬಿದ್ದು ನೀರು ತೊಟ್ಟಿಕ್ಕುತ್ತಿತ್ತು. ಕಿರಿಯರಲ್ಲೊಬ್ಬ ಅದನ್ನು ಬರೆದುಕೊಳ್ಳಲು ಪೆನ್ನು ತೆಗೆದ. ಅಂಕಲ್ ಓಂಗ್ ಮುಖ ಬಿಳಿಚಿಕೊಂಡು, ಮೀನು, ಮೀನು ಎನ್ನುತ್ತ ಟ್ಯಾಕ್ಸಿ ಹಿಡಿಯಲು ಓಡಿದರು.

ಡಾಕ್ಟರ್ ಕೋ ಎಲ್ಲರೆದುರು ನನ್ನನ್ನು ಬೈಯಲಿಲ್ಲ. ಆಮೇಲೆ ಕರೆದು, ಫೋನಿನಲ್ಲಿ ಹೆಸರು ಮತ್ತು ಸಮಯ ಬಿಟ್ಟು ಬೇರೇನೂ ಹೇಳಬಾರದು, ಅದೂ ರೋಗಿಯೇ ಎತ್ತಿದರೆ ಮಾತ್ರ ಎಂದು ನನ್ನ ಕೈಯಿಂದಲೇ ಬರೆಸಿ ಫೋನಿನ ಪಕ್ಕ ಅಂಟಿಸಿದರು.

ನಾನು ಒಂದು ಸಂಸಾರ ಹಾಳುಮಾಡಿದೆನೆಂದು ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಅಂಕಲ್ ಓಂಗ್ ಬಂದರು; ಜೊತೆಯಲ್ಲಿ ಅವರ ಹೆಂಡತಿ, ಪುಟ್ಟ ಆಕೃತಿಯ ಅಜ್ಜಿ, ಕೈಯಲ್ಲಿ ನಿಜವಾದ ಪಂಪು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಆಕೆ ತಮ್ಮ ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿದ ಮಾತು ಹೀಗಿತ್ತು: “ಇವರು ಟೂಲ್‌ಬಾಕ್ಸ್‌ನಲ್ಲಿ ಏನು ಬಚ್ಚಿಟ್ಟಿದ್ದಾರೆ ಅಂತ ನನಗೆ ಮೊದಲೇ ಗೊತ್ತು ಲಾ. ಇವರೇ ಹೇಳಲಿ ಅಂತ ನಾಲ್ಕು ತಿಂಗಳು ಕಾದೆ.”

ಗೊತ್ತಿದ್ದೂ ಮೀನಿನ ಪಂಪ್ ಕಳಿಸಿದಿರಾ ಎಂದು ಕೇಳಿದೆ. ಆಕೆ ನಕ್ಕುಬಿಟ್ಟರು. ಮೀನುಗಳನ್ನು ಮೊದಲೇ ಬೇರೆ ಪಂಪಿರುವ ಬಕೆಟ್ಟಿಗೆ ಹಾಕಿದ್ದರಂತೆ. ಅವತ್ತು ಪಂಪ್ ಬಳಸುವುದನ್ನು ಚೆನ್ನಾಗಿ ಕಲಿತದ್ದು ಆಕೆಯೇ. ಗಂಡನ ಕೈ ನಡುಗುತ್ತದೆ, ಉಂಗುರ ನಾನೇ ಹಾಕುತ್ತೇನೆ ಎಂದರು.

ಆ ಹೊತ್ತಿಗಾಗಲೇ ಮಾತ್ರೆಗಳು ಬಂದು ಕೆಲವು ವರ್ಷ ಆಗಿತ್ತು. ಅದಕ್ಕೂ ಮೊದಲಿನ ಹಿರಿಯ ನರ್ಸುಗಳು ಗಂಡಸರಿಗೆ ಅಲ್ಲಿಗೇ ಇಂಜೆಕ್ಷನ್ ಕೊಟ್ಟುಕೊಳ್ಳಲು ಹೇಳಿಕೊಡುತ್ತಿದ್ದರು. ಮಾತ್ರೆ ಹಿಡಿಯದವರಿಗೆ ಅದು ಈಗಲೂ ಉಂಟು. ಮಾತ್ರೆ ಬಂದ ಮೇಲೆ ನಮ್ಮ ಕೆಲಸ ಸುಲಭವಾಗುತ್ತದೆ ಎಂದುಕೊಂಡೆವು. ಆಗಲಿಲ್ಲ. ಹೊಟ್ಟೆ ಬಿರಿಯುವಷ್ಟು ಬಿರಿಯಾನಿ ತಿಂದು ಮೇಲೆ ಮಾತ್ರೆ ನುಂಗಿ, ಕೆಲಸ ಮಾಡಲಿಲ್ಲ ಎಂದು ದೂರುವವರು ಬಂದರು. ಎಣ್ಣೆ ಜಿಡ್ಡಿನ ಊಟವಾದರೆ ಕೆಲವು ಮಾತ್ರೆ ತಡವಾಗಿ ಹತ್ತುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಇನ್ನೊಬ್ಬ, ಮಾತ್ರೆ ನುಂಗಿ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಲೆಕ್ಕಪತ್ರ ತೆರೆದುಕೊಂಡು ಒಂದು ಗಂಟೆ ಕಾದನಂತೆ. ಏನೂ ಆಗಲಿಲ್ಲ ಎಂದು ಸಿಟ್ಟಾಗಿದ್ದ. ಮಾತ್ರೆ ದಾರಿ ಮಾಡಿಕೊಡುತ್ತದೆ, ಆಸೆ ಹುಟ್ಟಿಸುವುದಿಲ್ಲ, ಅದನ್ನು ನೀವೇ ತರಬೇಕು ಎಂದೆ. ಲೆಕ್ಕಪತ್ರ ಮುಚ್ಚಬೇಕಾ ಎಂದು ಕೇಳಿದ. ಮುಚ್ಚಿ ಎಂದೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಇದು ನಿವೃತ್ತಿಗೆ ಎರಡು ವರ್ಷ ಮೊದಲು ನಡೆದದ್ದು. ಆ ರೋಗಿಯನ್ನು ಪ್ರಕಾಶ್ ಎಂದೂ ಅವರ ಹೆಂಡತಿಯನ್ನು ಸುಧಾ ಎಂದೂ ಕರೆಯುತ್ತೇನೆ. ಹೆಸರು ಬದಲಿಸಿದ್ದೇನೆ, ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಪ್ರಕಾಶ್ ಮೈಸೂರಿನವರು, ಇಲ್ಲಿನ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿದ್ದರು, ಪುಂಗೋಲಿನಲ್ಲಿ ಮನೆ. ಐವತ್ತು ತುಂಬುವುದಿತ್ತು. ನಮ್ಮ ಕನ್ನಡ ಬಳಗದ ಹಬ್ಬದೂಟಗಳಲ್ಲಿ ನನಗೆ ಚೆನ್ನಾಗಿ ಪರಿಚಯ. ಒಂದು ಬೆಳಿಗ್ಗೆ ಟೋಪಿ, ಮಾಸ್ಕು, ಕಪ್ಪು ಕನ್ನಡಕ ಹಾಕಿಕೊಂಡು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತರು. ಆ ವೇಷದಲ್ಲಿ ಇಡೀ ಮಹಡಿಯೇ ಅವರನ್ನು ನೋಡುತ್ತಿತ್ತು. ನನ್ನನ್ನು ಕಂಡೊಡನೆ, ಕಣ್ಣಿನ ವಿಭಾಗ ಇದಲ್ಲವೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲ ಕಡೆ ನಡೆದುಬಿಟ್ಟರು. ನನ್ನ ಪಟ್ಟಿಯಲ್ಲಿ ಅವರ ಹೆಸರು ಒಂಬತ್ತೂವರೆಗೆ ಇತ್ತು.

ಎರಡು ವಾರದ ನಂತರ ಯುಗಾದಿ. ಒಂದು ಕಾಂಡೊ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಊಟ. ಸುಧಾ ಒಬ್ಬಟ್ಟಿನ ತಟ್ಟೆ ಹಿಡಿದು ನನ್ನನ್ನು ಒಂದು ಮೂಲೆಗೆ ಕರೆದುಕೊಂಡು ಹೋದಳು. ಒಂದು ವರ್ಷದಿಂದ ಗಂಡ ಬೇರೆ ರೂಮಿನಲ್ಲಿ ಮಲಗುತ್ತಾನೆ, ಕೇಳಿದರೆ ಆಫೀಸ್ ಕಾಲ್ ಎನ್ನುತ್ತಾನೆ, ಮುಟ್ಟಿದರೆ ಬೆಚ್ಚಿಬೀಳುತ್ತಾನೆ ಎಂದಳು. ಫೋನಿನಲ್ಲಿ ಮಿಶೆಲ್ ಎಂಬವಳ ಮೆಸೇಜು ಕಣ್ಣಿಗೆ ಬಿದ್ದಿತ್ತಂತೆ: ಒಂದು ಗಂಟೆ ಮುಂಚೆ, ಊಟ ಹೆಚ್ಚು ಬೇಡ.

“ಆಂಟಿ, ನೀವು ಹಾಸ್ಪಿಟಲ್‌ನಲ್ಲಿ ಇರೋರು, ನಿಜ ಹೇಳಿ. ಐವತ್ತಾದ್ಮೇಲೆ ಗಂಡಸರಿಗೆ ಹೆಂಡ್ತಿ ಬೇಡ ಅನ್ಸತ್ತಾ?”

ಆ ಮೆಸೇಜು ಯಾರದೆಂದು ನನಗೆ ಅರ್ಧ ಅರ್ಥವಾಗಿತ್ತು. ಮಾತ್ರೆ ಕೊಡುವಾಗ ನಾನು ಅದನ್ನೇ ದಿನಕ್ಕೆ ಹತ್ತು ಸಲ ಹೇಳುವವಳು. ಆದರೆ ರೋಗಿಯ ವಿಷಯ ಹೆಂಡತಿಗೂ ಹೇಳುವಂತಿಲ್ಲ. ಅಷ್ಟು ದೂರದಲ್ಲಿ ಪ್ರಕಾಶ್ ಎಲೆಯ ಮುಂದೆ ಕೂತು ನಮ್ಮಿಬ್ಬರನ್ನೇ ನೋಡುತ್ತಿದ್ದರು. ಬಡಿಸುವವರು ಹಾಕಿದ ಸಾರು ಎಲೆ ದಾಟಿ ರೇಷ್ಮೆ ಪಂಚೆಗೆ ಹರಿಯುತ್ತಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಕೊನೆಗೆ ನಾನು ಸುಧಾಗೆ, “ಬೇಡ ಅನ್ನೋದು ಬೇರೆ, ಆಗ್ತಿಲ್ಲ ಅನ್ನೋದು ಬೇರೆ. ಯಾವುದು ಅಂತ ಅವರನ್ನೇ ಕೇಳಮ್ಮ” ಎಂದೆ. ಅಷ್ಟು ಹೇಳಿದ್ದು ಸರಿಯೋ, ಅಷ್ಟೇ ಹೇಳಿದ್ದು ಸರಿಯೋ, ಇವತ್ತಿಗೂ ತೀರ್ಮಾನ ಮಾಡಲಾಗಿಲ್ಲ.

ಸೋಮವಾರ ಬೆಳಿಗ್ಗೆ ಪ್ರಕಾಶ್ ಫೋನ್ ಮಾಡಿದರು. ಸುಧಾಗೆ ಏನು ಹೇಳಿದಿರಿ ಎಂಬುದೇ ಮೊದಲ ಪ್ರಶ್ನೆ. ನಿಮ್ಮ ವಿಷಯ ಏನೂ ಹೇಳಿಲ್ಲ, ಹೇಳುವುದೂ ಇಲ್ಲ, ಆದರೆ ನೀವು ಕಣ್ಣಿನ ವಿಭಾಗ ಬಿಟ್ಟು ಇಲ್ಲಿಗೆ ಬನ್ನಿ ಎಂದೆ. ಬುಧವಾರ ಬಂದರು. ಟೋಪಿ ಇರಲಿಲ್ಲ.

ಅರ್ಧ ತಲೆ ನರೆತಿದ್ದರೂ ಅವತ್ತು ಅವರು ನನ್ನನ್ನು ಮಾತಿಗೊಮ್ಮೆ ಆಂಟಿ ಎಂದು ಕರೆದರು. ಬಹುಶಃ ನಾನು ಎಷ್ಟು ಹಿರಿಯಳಾದರೆ ಅಷ್ಟು ಹೇಳುವುದು ಸುಲಭವೆಂದು. ಕತೆ ಹೊರಬಂತು. ಒಂದೂವರೆ ವರ್ಷದಿಂದ ತೊಂದರೆ. ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದರು, ಇವರಿಗೂ ಭಯ. ಮೊದಲು ಫೋನಿನಲ್ಲೇ ಡಾಕ್ಟರನ್ನು ಕಾಣುವ ಒಂದು ಸೇವೆಯಲ್ಲಿ ಮಾತ್ರೆ ತರಿಸಿಕೊಂಡರು; ಮಿಶೆಲ್ ಅಲ್ಲಿನ ಫಾರ್ಮಸಿಸ್ಟು. ಇಂಗ್ಲಿಷ್ ಮಾತ್ರೆ ಹಾರ್ಟಿಗೆ ಕೆಟ್ಟದ್ದೆಂದು ಯಾರೋ ಹೇಳಿದ್ದರಿಂದ ಅದನ್ನು ನುಂಗದೆ ಎಸೆದರು. ಬದಲಿಗೆ ಊರಿನಿಂದ ಬಂದ ಪರಿಚಯದವನೊಬ್ಬ ಲಿಟಲ್ ಇಂಡಿಯಾ ಸ್ಟೇಷನ್ನಿನಲ್ಲಿ ಕೈಗಿತ್ತ, ಹೆಸರು ಚೀಟಿ ಏನೂ ಇಲ್ಲದ ಡಬ್ಬಿಯ ಪುಡಿ ಶುರುಮಾಡಿದರು. ನ್ಯಾಚುರಲ್, ಬೇರಿನ ಪುಡಿ. ಅದು ಕೆಲಸ ಮಾಡಿತಂತೆ. ಒಂದು ದಿನ ಹೌದು, ಒಂದು ದಿನ ಇಲ್ಲ. ಸುಧಾಳ ಮುಂದೆ ಸೋಲುವ ಭಯಕ್ಕೆ ರೂಮನ್ನೇ ಬದಲಿಸಿದರು.

ಬೆಳಿಗ್ಗೆ ಏಳುವಾಗ ತಾನಾಗಿ ಗಟ್ಟಿಯಾಗುತ್ತದೆಯೇ ಎಂಬುದು ನಾವು ಕೇಳಲೇಬೇಕಾದ ಪ್ರಶ್ನೆ. ಆಗುತ್ತಿದ್ದರೆ ನರ, ರಕ್ತನಾಳ ಬಹುಮಟ್ಟಿಗೆ ಸರಿಯಿವೆ, ತೊಂದರೆ ಮನಸ್ಸಿನದಿರಬಹುದು. ಪ್ರಕಾಶ್ ಗೋಡೆಯ ಕ್ಯಾಲೆಂಡರ್ ನೋಡುತ್ತ ನಾರ್ಮಲ್ ಎಂದರು. ನಾನು ಫಾರ್ಮಿನಲ್ಲಿ ಗುರುತು ಹಾಕಿದೆ. ಕೆಲಸದ ಭಯ, ಒಮ್ಮೆ ಆಗುವುದು ಒಮ್ಮೆ ಆಗದಿರುವುದು, ಬೇರಿನ ಪುಡಿಯಲ್ಲಿ ನಂಬಿಕೆ, ಎಲ್ಲ ಸೇರಿಸಿ ‘ಮಾನಸಿಕ ಒತ್ತಡ’ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಇಪ್ಪತ್ತು ವರ್ಷದ ಅನುಭವದ ಜಂಬ ಆ ಗೆರೆಯಲ್ಲಿತ್ತು.

ಡಾಕ್ಟರ್ ಕೋ ಫಾರ್ಮು ಓದಿ ಅದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿದರು: ಕೊನೆಯ ಸಲ ಬೆಳಿಗ್ಗೆ ಹಾಗಾದದ್ದು ಯಾವಾಗ, ನೆನಪಿದೆಯೇ?

ಪ್ರಕಾಶ್ ಬಹಳ ಯೋಚಿಸಿ, ಕೋವಿಡ್ ಟೈಮಿನಲ್ಲಿ ಎಂದರು.

ಡಾಕ್ಟರ್ ಕೋ ನನ್ನ ಕಡೆ ನೋಡಲಿಲ್ಲ. ಅವರು ನೋಡದಿದ್ದದ್ದೇ ನನಗೆ ಸಾಕಾಯಿತು. ಆಮೇಲೆ ಅವರು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ಕೇಳಿದರು. ಸ್ಟೇಷನ್ನಿನಲ್ಲಿ ಎಸ್ಕಲೇಟರು ಕೆಟ್ಟ ದಿನ ಮಾತ್ರ, ಅರ್ಧದಲ್ಲಿ ನಿಂತು ಫೋನ್ ನೋಡಿಕೊಳ್ಳುತ್ತೇನೆ ಎಂದರು. ಫೋನಿನಲ್ಲಿ ಏನಿರುತ್ತದೆ ಎಂದು ಡಾಕ್ಟರು ಕೇಳಿದರು. ಪ್ರಕಾಶ್ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಏನೂ ಇರುವುದಿಲ್ಲ ಎಂದು ಮೂವರಿಗೂ ತಿಳಿಯಿತು.

ಕೋ ಅವತ್ತು ಚಿತ್ರ ಬರೆಯಲಿಲ್ಲ. ಅಲ್ಲಿಯ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಪೂರ, ಕೊಬ್ಬು ಕಟ್ಟಿಕೊಂಡರೆ ಎಷ್ಟೋ ಸಲ ಮೊದಲು ತಿಳಿಯುವುದು ಅಲ್ಲೇ, ನಿಮ್ಮ ಮೈ ನಿಮಗೆ ಮುಂಚಿತವಾಗಿ ಸುದ್ದಿ ಕೊಡುತ್ತಿರಬಹುದು ಎಂದು ಬಾಯಿಮಾತಿನಲ್ಲೇ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ, ಕೊಬ್ಬು ಎರಡೂ ಮಿತಿ ಮೀರಿದ್ದವು. ಹೃದಯ ವಿಭಾಗದವರು ನೋಡಿದಾಗ ಎರಡು ರಕ್ತನಾಳ ಕಟ್ಟಿಕೊಂಡಿದ್ದವು, ಸ್ಟೆಂಟ್ ಹಾಕಬೇಕೆಂದರು. ಪುಡಿಯನ್ನೂ ಪರೀಕ್ಷೆಗೆ ಕಳಿಸಿದೆವು. ಬೇರಿನ ಜೊತೆಗೆ, ಪ್ರಕಾಶ್ ಹೆದರಿ ಎಸೆದಿದ್ದ ಅದೇ ಮಾತ್ರೆಯ ಔಷಧಿಯನ್ನು ಅದರಲ್ಲಿ ಅಳತೆಯಿಲ್ಲದೆ ಬೆರೆಸಿದ್ದರು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯ ಜೊತೆ ಅದು ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ಇವರಿಗೆ ಎಲ್ಲಾದರೂ ದಾರಿಯಲ್ಲಿ ಎದೆನೋವು ಬಂದು, ಯಾರಾದರೂ ಆ ಮಾತ್ರೆ ಕೊಟ್ಟಿದ್ದರೆ? ನನ್ನ ಗೆರೆಯನ್ನು ನಂಬಿ ಡಾಕ್ಟರು ಇವರನ್ನು ಬರೀ ಮನಸ್ಸಿನ ವಿಭಾಗಕ್ಕೆ ಕಳಿಸಿದ್ದರೆ? ಆ ಫಾರ್ಮನ್ನು ನಾನು ಬಹಳ ದಿನ ಡ್ರಾಯರಿನಲ್ಲಿ ಮೇಲೆಯೇ ಇಟ್ಟುಕೊಂಡಿದ್ದೆ.

ಸುಧಾಗೆ ಹೇಳಲೇಬೇಕಾಯಿತು. ನನ್ನ ಚಿಕ್ಕ ರೂಮಿನಲ್ಲಿ ಇಬ್ಬರನ್ನೂ ಕೂರಿಸಿದೆ. ಪ್ರಕಾಶ್ ಮೊದಲು ಕೊಲೆಸ್ಟ್ರಾಲ್ ಎಷ್ಟಿದೆ ಎಂದು ಹೇಳಿದರು, ಆಮೇಲೆ ಸಕ್ಕರೆ, ಆಮೇಲೆ ಸ್ಟೆಂಟು. ಅವಳು ಅಳುತ್ತಿದ್ದಾಗ, ಕಡೆಗೆ, ನೆಲ ನೋಡುತ್ತ, ಉಳಿದದ್ದನ್ನು ಹೇಳಿದರು. ಮಿಶೆಲ್ ಯಾರೆಂದೂ ಹೇಳಿದರು.

ಸುಧಾ ಅಳು ನಿಲ್ಲಿಸಿದಳು.

“ಅಂದ್ರೆ ಒಂದು ವರ್ಷ ನಾನು ಒಬ್ಬ ಫಾರ್ಮಸಿಸ್ಟ್‌ಗೆ ಶಾಪ ಹಾಕ್ಕೊಂಡು ಕೂತಿದ್ನಾ? ತೂಕ ಇಳಿಸ್ಬೇಕು ಅಂತ ಜಿಮ್‌ಗೆ ಸೇರ್ದೆ ಪ್ರಕಾಶ್. ನಾನು ಚೆನ್ನಾಗಿಲ್ಲ ಅಂದ್ಕೊಂಡು.”

ಪ್ರಕಾಶ್ ಅವಳ ಕೈ ಹಿಡಿಯಲು ಹೋದರು, ಅವಳು ಕೊಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಯುಗಾದಿ ದಿನ ನಿಮಗೆ ಗೊತ್ತಿತ್ತಾ ಎಂದಳು. ಅವರು ಇಲ್ಲಿಗೆ ಬಂದು ಓಡಿಹೋದದ್ದು ಗೊತ್ತಿತ್ತು ಎಂದೆ. ಆಮೇಲಿನ ಎಂಟು ತಿಂಗಳು ಅವಳು ಯಾವ ಹಬ್ಬದೂಟದಲ್ಲೂ ನನ್ನ ಜೊತೆ ಮಾತಾಡಲಿಲ್ಲ. ನನ್ನ ಕೆಲಸದಲ್ಲಿ ಇದೂ ಸೇರಿದೆ; ಯಾರೂ ಅದನ್ನು ಮೊದಲೇ ಹೇಳುವುದಿಲ್ಲ.

ಸ್ಟೆಂಟ್ ಹಾಕಿದ್ದು ಸುಸೂತ್ರವಾಯಿತು. ಪ್ರಕಾಶ್ ಸಿಗರೇಟು ಬಿಟ್ಟರು. ಅವರು ಸೇದುತ್ತಿದ್ದರೆಂಬುದೇ ಸುಧಾಗೆ ಆಗ ತಿಳಿಯಿತು, ಅದು ಬೇರೆ ಜಗಳ. ಪುಂಗೋಲಿನ ನಾಲೆಯ ದಂಡೆಯಲ್ಲಿ ಇಬ್ಬರೂ ದಿನಾ ನಡೆಯತೊಡಗಿದರು. ಮೊದಲ ತಿಂಗಳು ಅವಳು ಹತ್ತು ಹೆಜ್ಜೆ ಮುಂದೆ, ಅವರು ಹಿಂದೆ ಎಂದು ಪ್ರಕಾಶ್ ವರದಿ ಒಪ್ಪಿಸಿದರು. ಆಮೇಲೆ ಐದು ಹೆಜ್ಜೆ. ಸಕ್ಕರೆ ಇಳಿಯಿತು. ಹೃದಯದ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ನಾಲಿಗೆಯಡಿಯ ಮಾತ್ರೆ ಬೇಕಿಲ್ಲವೆಂದು ಖಾತ್ರಿಯಾದ ಮೇಲೆ, ಡಾಕ್ಟರ್ ಕೋ ಸರಿಯಾದ ಮಾತ್ರೆಯನ್ನು ಸರಿಯಾದ ಅಳತೆಯಲ್ಲಿ ಬರೆದುಕೊಟ್ಟರು.

ಎಂಟು ತಿಂಗಳ ನಂತರದ ತಪಾಸಣೆಗೆ ಇಬ್ಬರೂ ಒಟ್ಟಿಗೆ ಬಂದರು. ಡಾಕ್ಟರ್ ಕೋ ಹೇಗಿದೆ ಎಂದು ಕೇಳಿದರು. ಪ್ರಕಾಶ್ ಜೇಬಿನಿಂದ ಚೀಟಿ ತೆಗೆದು ಬೆಳಗಿನ ಸಕ್ಕರೆ ಓದಲು ಶುರುಮಾಡಿದರು. ಸುಧಾ ಚೀಟಿಯನ್ನು ಮೆಲ್ಲನೆ ಅವರ ಕೈಯಿಂದ ತೆಗೆದುಕೊಂಡಳು. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುವುದನ್ನು ಬಿಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

“ಆಂಟಿ, ಎಲ್ಲಾ ಸರಿಹೋಯ್ತು ಅಂತ ಹೇಳಿ. ಒಂದೇ ರೂಮಲ್ಲಿ ಮಲಗ್ತಿದ್ದೀವಿ. ಆದ್ರೆ ಈ ಗೊರಕೆ ತಡ್ಕೊಳ್ಳೋಕೆ ಆಗ್ತಿಲ್ಲ. ಮಧ್ಯೆ ಉಸಿರೇ ನಿಂತಂಗೆ ಆಗುತ್ತೆ. ಅದಕ್ಕೆ ಯಾವ ಫ್ಲೋರ್‌ಗೆ ಹೋಗ್ಬೇಕು ಕೇಳಿ.”

ನಾನು ಅನುವಾದಿಸಿದೆ. ಡಾಕ್ಟರ್ ಕೋ ನಕ್ಕರು. ಆಮೇಲೆ ನಗು ನಿಲ್ಲಿಸಿ, ಪ್ರಕಾಶ್‌ರ ಹಳೆಯ ಫಾರ್ಮು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದರು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಗಟ್ಟಿಯಾಗದ ಈ ತೊಂದರೆ ಹೆಚ್ಚು, ಹೃದಯಕ್ಕೂ ಕೆಟ್ಟದ್ದು, ಇದನ್ನು ಮೊದಲ ದಿನವೇ ಕೇಳಬೇಕಿತ್ತು ಎಂದರು. ನಮ್ಮ ಫಾರ್ಮಿನಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಇಪ್ಪತ್ತು ವರ್ಷ ನಾನೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಪ್ರಕಾಶ್ ತಾನು ಗೊರಕೆ ಹೊಡೆಯುವುದೇ ಇಲ್ಲ ಎಂದು ವಾದಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಫಾರ್ಮುಗಳ ಕಟ್ಟು ಎದುರಿಗಿಟ್ಟುಕೊಂಡು, ಒಂದೊಂದರ ಕೊನೆಯಲ್ಲೂ ಪೆನ್ನಿನಿಂದ ಬರೆಯುತ್ತ ಹೋದೆ: ಗೊರಕೆ ಇದೆಯೇ? ಹೆಂಡತಿಯನ್ನು ಕೇಳಿ.